ಎಂಬತ್ತಮೂರು ಅರಿವೆ

ಬೇಡಕಿಹಾಳದ ಬಸದಿಯ ಕಪಾಟಿನಲ್ಲಿದ್ದ ತಾಳೆಗರಿಯ ಗಂಟನ್ನು ಊರವರು ‘ದೊಡ್ಡ ಗ್ರಂಥ’ ಅಂತಲೇ ಕರೆಯುತ್ತಿದ್ದರು. ದೊಡ್ಡದೇ ಬಿಡಿ, ಎತ್ತಲು ಎರಡೂ ಕೈ ಬೇಕಿತ್ತು. ಪ್ರತಿ ವರ್ಷ ಗ್ರಂಥಪೂಜೆಯ ಶ್ರುತಪಂಚಮಿಗೆ ಪಾಳಿ ಬಂದ ಮನೆಯವರು ಅದಕ್ಕೆ ಒಂದು ಹೊಸ ಅರಿವೆ, ಅಂದರೆ ಬಟ್ಟೆ, ಸುತ್ತಬೇಕು. ಹಳೆಯದನ್ನು ತೆಗೆದರೆ ಸುತ್ತಿದ ಹಿರಿಯರಿಗೆ ಅವಮಾನ ಎಂದು ಅದರ ಮೇಲೆಯೇ ಸುತ್ತುವುದು ರೂಢಿ. ಹೀಗಾಗಿ ಗಂಟು ವರ್ಷವರ್ಷ ಮೈತುಂಬಿಕೊಳ್ಳುತ್ತಿತ್ತೇ ಹೊರತು, ಒಳಗೇನಿದೆ ಎಂದು ನೋಡಿದವರು ಯಾರೂ ಉಳಿದಿರಲಿಲ್ಲ.

ರಾಜಮತಿ ಸೊಸೆಯಾಗಿ ಬಂದ ದಿನದಿಂದ ಅದಕ್ಕೆ ಕೈಮುಗಿದವಳು. ಈಗ ಎಪ್ಪತ್ತು ದಾಟಿತ್ತು. ಇಷ್ಟು ವರ್ಷ ಕೈಮುಗಿದದ್ದನ್ನು ಒಮ್ಮೆಯಾದರೂ ಓದಬೇಕೆಂಬ ಆಸೆ ಅವಳನ್ನು ಬಿಟ್ಟಿರಲಿಲ್ಲ. ಹಳೆಯ ಗ್ರಂಥಗಳ ಫೋಟೊ ತೆಗೆದು, ಎಲ್ಲರಿಗೂ ಸಿಗುವಂತೆ ಇಂಟರ್ನೆಟ್ಟಿಗೆ ಹಾಕುವ ಪೂನಮ ಎಂಬ ಹುಡುಗಿ ಕ್ಯಾಮೆರಾ ಹಿಡಿದು ಬಂದಾಗ, ಬರಮಾಡಿಕೊಳ್ಳಲು ಬಾಗಿಲಲ್ಲಿ ಮೊದಲು ನಿಂತವಳು ರಾಜಮತಿಯೇ.

ಅವಳ ಮೈದುನ ಭೀಮಗೊಂಡ ಬಸದಿಯ ಹಿರಿಯ. ಅವನು ಒಪ್ಪಲಿಲ್ಲ. “ಮ್ಯಾಲಿಂದ ಫೋಟೊ ತಗೀರಿ, ಸಾಕು. ಬಿಚ್ಚೂದು ಬ್ಯಾಡ. ಸುತ್ತ ಹತ್ತೂರಾಗ ಇಷ್ಟ ದೊಡ್ಡ ಗ್ರಂಥ ಇಲ್ಲ.”

“ಬರೇ ಅರಿವೆಗೆ ಕೈಮುಗದದ್ದು ಸಾಕಾತ್ರಿ,” ಎಂದಳು ರಾಜಮತಿ. “ಈ ವರ್ಷದ ಪಾಳಿ ನಮ್ಮನೀದು. ಬಿಚ್ಚಿದ ಪಾಪ ನನಗ ಇರ್ಲಿ.”

ಅಣ್ಣನ ಹೆಂಡತಿ, ವೈನಿಯ ಎದುರು ಭೀಮಗೊಂಡನ ಮಾತು ನಡೆದದ್ದು ಕಡಿಮೆ.

ಪೂನಮ ಬಿಳಿ ಹಾಸಿನ ಮೇಲೆ ಗಂಟಿಟ್ಟು ಒಂದೊಂದೇ ಅರಿವೆ ಬಿಚ್ಚಿದಳು. ರಾಜಮತಿ ಗುರುತು ಹೇಳುತ್ತ ಹೋದಳು: ಇದು ಮಗ ಸಮ್ಮೇದ ಹುಟ್ಟಿದ ವರ್ಷದ್ದು, ಇದು ಅತ್ತೆಯ ಇಳಕಲ್ ಸೆರಗು. ಗಂಟು ಇಳಿದಂತೆಲ್ಲ ಭೀಮಗೊಂಡನ ಮುಖವೂ ಇಳಿಯಿತು. ಎಂಬತ್ತಮೂರನೆಯ ಅರಿವೆಯೊಳಗೆ ಸಿಕ್ಕಿದ್ದು ಹದಿನಾರೇ ಗರಿ, ಒಂದು ಗೇಣುದ್ದ.

“ಇಷ್ಟ ಏನು?” ಎಂದವನೇ ಭೀಮಗೊಂಡ ಎದ್ದು ಹೋದ. ರಾಜಮತಿಗೂ ಪಿಚ್ಚೆನಿಸಿತು. ಅಕ್ಷರಗಳೋ ಮಾಸಿ ಹೋಗಿದ್ದವು, ಅವಳಿಗೆ ಒಂದೂ ಕಾಣಲಿಲ್ಲ.

ಆದರೆ ಪೂನಮಳ ಫೋಟೊದಲ್ಲಿ ಅವೇ ಅಕ್ಷರ ಕಪ್ಪಗೆ ಎದ್ದು ಬಂದವು. ಹದಿನೈದು ದಿನಕ್ಕೆ, ಪ್ರತಿ ಗರಿಯ ಕೆಳಗೆ ಇವತ್ತಿನ ಲಿಪಿಯಲ್ಲಿ ಬರೆದು, ರಾಜಮತಿಯ ಮೊಬೈಲಿಗೆ ಕಳಿಸಿದಳು. ನೋಂಪಿ ಹಿಡಿದ ಹೆಂಗಸರು ಓದುವ ವ್ರತದ ಕತೆ ಅದು. ಕೊನೆಯ ಗರಿಯಲ್ಲಿ ಹೀಗಿತ್ತು: ‘ಕಸ್ತೂರೆವ್ವ ನೋಂಪಿ ಮುಗಿಸಿ ಬರೆಸಿದ್ದು. ಕೇಳಿದ ಹೆಣ್ಣುಮಕ್ಕಳಿಗೆಲ್ಲ ಓದಲು ಕೊಡುವುದು.’

ರಾಜಮತಿ ಆ ಸಾಲನ್ನು ಮತ್ತೊಮ್ಮೆ ಓದಿದಳು. ತನ್ನಂಥವರಿಗೆಂದೇ ಬರೆಸಿದ್ದನ್ನು ತಾನೇ ಮೂರು ಪಾಳಿ ಬಿಗಿಯಾಗಿ ಸುತ್ತಿ ಕಟ್ಟಿದ್ದಳಲ್ಲ. ಅಂದು ಮಧ್ಯಾಹ್ನವೇ ಬಸದಿಯ ಕಟ್ಟೆಯಲ್ಲಿ ಕೂತು, ಓಣಿಯ ಹೆಂಗಸರಿಗೆ ಮೊದಲ ಗರಿ ಓದಿ ಹೇಳಿದಳು. ಪಾಲಬಾವಿಯ ತವರಿನವರಿಗೂ ಕಳಿಸಿದಳು. ಬಹಳ ದಿನಕ್ಕೆ ಮನಸ್ಸು ತುಂಬಿತ್ತು.

ಭೀಮಗೊಂಡ ಬಂದು ಮೂಲೆಗೆ ಕೂತ. “ಯಾರರ ಬಂದು ದೊಡ್ಡ ಗ್ರಂಥ ತೋರಸ್ರಿ ಅಂದ್ರ ಏನ್ ಹೇಳೂದು, ವೈನಿ?”

ರಾಜಮತಿ ಮೊಬೈಲನ್ನು ಅವನೆದುರು ಹಿಡಿದು, ಪೂನಮ ಕಲಿಸಿದಂತೆ ಎರಡು ಬೆರಳು ಅಗಲಿಸಿದಳು. ಕಸ್ತೂರೆವ್ವನ ಹೆಸರು ಪರದೆಯ ತುಂಬ ಬಂತು.

“ಎಷ್ಟ ದೊಡ್ಡದು ಬೇಕೋ ಅಷ್ಟ ಆಗತೈತಿ, ನೋಡ್ರಿ.”

ಭೀಮಗೊಂಡ ಚಷ್ಮಾ ಏರಿಸಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಹತ್ತಿರ ಸರಿದು, “ಮೊದಲಿಂದ ಓದ್ರಿ,” ಎಂದ.