ಎರಡನೇ ಆಲೂಗೆಡ್ಡೆ

ಆವತ್ತು ಬೆಳಿಗ್ಗೆ ಮೋಡ ಮುಚ್ಚಿಕೊಂಡಿತ್ತು. ಗಾಳಿ ಒಂದಿಷ್ಟೂ ಇರಲಿಲ್ಲ. ಬಚ್ಚಲ ಒಲೆಯ ಹೊಗೆ ಮೇಲೇಳಲಾರದೆ ಹೆಂಚಿನ ಮೇಲೆಯೇ ಕೂತಿತ್ತು. ಇಂಥ ದಿನ ಯಾವ ವಾಸನೆಯೂ ಬೀದಿ ಬಿಟ್ಟು ಹೋಗುವುದಿಲ್ಲವೆಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಶಾಂತಿಗ್ರಾಮದ ಪಕ್ಕದ ನಮ್ಮೂರಲ್ಲಿ ಮಾರಿಹಬ್ಬ ಸಾರಿದ ಮೇಲೆ ಒಂಬತ್ತು ದಿನ ಯಾರೂ ಒಗ್ಗರಣೆ ಹಾಕುವಂತಿಲ್ಲ, ಹುರಿಯುವಂತಿಲ್ಲ, ಸುಡುವಂತಿಲ್ಲ. ಬೇಯಿಸಿದ್ದನ್ನಷ್ಟೇ ಉಣ್ಣಬೇಕು. ಹಬ್ಬದ ದೇವತೆ ಅಮ್ಮ ಊರೊಳಗೆ ಓಡಾಡುವಾಗ ಘಾಟು ಬಡಿಯಬಾರದು. ನಮ್ಮ ಬೀದಿಯಲ್ಲಿ ಇದನ್ನು ಕಾಯುವ ಕೆಲಸ ನನ್ನದು. ಯಾರೂ ಕೊಟ್ಟದ್ದಲ್ಲ, ನಾನೇ ಮೈಮೇಲೆ ಹಾಕಿಕೊಂಡದ್ದು. ಮೂರನೇ ದಿನ ಎದುರುಮನೆ ಪಾಪಮ್ಮ, ಜ್ವರದಿಂದ ಬಾಯಿ ಕೆಟ್ಟಿದ್ದ ಗಂಡನ ಸಾರಿಗೆ ಚಿಟಿಕೆ ಸಾಸಿವೆ ಸಿಡಿಸಿದಳು. ಬೀದಿಯವರೆಲ್ಲ ನೋಡುತ್ತಿರುವಂತೆ ಅವಳ ಒಗ್ಗರಣೆ ಸೌಟು ಕಿತ್ತು ತಂದು ನಮ್ಮ ಅಟ್ಟದ ಮೇಲಿಟ್ಟೆ. ಅಮ್ಮ ಮೆಚ್ಚಿರಬೇಕೆಂದುಕೊಂಡು ಅಂದು ಚೆನ್ನಾಗಿ ನಿದ್ದೆ ಮಾಡಿದೆ.

ಏಳನೇ ದಿನಕ್ಕೆ ನಾಲಿಗೆ ಸತ್ತೇಹೋಯಿತು. ಮೂಲೆಯಲ್ಲಿದ್ದ ಆಲೂಗೆಡ್ಡೆ ಕಂಡರೆ ಸಾಕು, ಬಿಸಿಬೂದಿಯಲ್ಲಿ ಹೂತು ಸುಟ್ಟು, ಕಪ್ಪು ಸಿಪ್ಪೆ ಬಿಡಿಸಿ, ಉಪ್ಪು ಸವರಿ ತಿನ್ನುವುದೇ ಕಣ್ಮುಂದೆ. ಅಡುಗೆಮನೆ ಕಟ್ಟೆಯ ಮೇಲೆ ಸೊಸೆ ಯಮುನಾ ತವರಿಂದ ತಂದ ಮೈಕ್ರೋವೇವ್ ಇತ್ತು.

"ಇದ್ರೊಳಗೆ ಬೆಂಕಿ ಉರೀತದಾ ಯಮುನಾ? ಈಗ, ಒಂದು ಆಲೂಗೆಡ್ಡೆ ಮಡುಗಿದ್ರೆ ಅಂತ."

"ಇಲ್ಲ ಮಾವ. ಗೆಡ್ಡೇಲಿರೋ ನೀರೇ ಕಾದು ಬೇಯ್ತದೆ. ಚುಚ್ಚಿ ಮಡುಗ್ಬೇಕು ಅಷ್ಟೆ. ಯಾಕೆ?"

"ಸುಮ್ಕೆ ಕೇಳ್ದೆ ಕಣವ್ವ."

ಅವಳು ಅಂಗನವಾಡಿಗೆ ಹೊರಟಳು. ಅರವತ್ತು ವರ್ಷ ಬೂದಿಯಲ್ಲಿ ಸುಟ್ಟವನು ಒಂದು ಗೆಡ್ಡೆಯನ್ನೂ ಚುಚ್ಚಿರಲಿಲ್ಲ, ಈಗೇಕೆ ಚುಚ್ಚಲಿ? ಐದು ನಿಮಿಷಕ್ಕೆ ಮೊದಲನೆಯದು ಬೆಂದಿತು. ಬೆಂಕಿಯಿಲ್ಲ, ಸುಟ್ಟದ್ದಲ್ಲ, ನೇಮ ಉಳಿಯಿತು. ಅಮ್ಮನನ್ನು ನೆನೆದು ತಿಂದೆ. ಆದರೆ ಸಿಪ್ಪೆ ಒದ್ದೆಬಟ್ಟೆಯ ಹಾಗಿತ್ತು. ನನಗೆ ಬೇಕಾಗಿದ್ದದ್ದು ಬೆಂದದ್ದಲ್ಲ, ಸುಟ್ಟದ್ದೇ. ಅಷ್ಟು ಗೊತ್ತಾದ ಮೇಲಾದರೂ ಏಳಬಹುದಿತ್ತು. ಎರಡನೆಯದನ್ನಿಟ್ಟು ಇಪ್ಪತ್ತು ನಿಮಿಷಕ್ಕೆ ಗುಂಡಿ ತಿರುಗಿಸಿ, ಜಪಮಣಿ ಹಿಡಿದು ಎದುರಿಗೆ ಕೂತೆ. ಗಾಜಿನೊಳಗೆ ಗೆಡ್ಡೆ ಪ್ರದಕ್ಷಿಣೆ ಬರುತ್ತಿತ್ತು. ಗುಡಿಯಲ್ಲಿ ಕೂಡ ನಾನು ಅಷ್ಟು ಏಕಾಗ್ರತೆಯಿಂದ ಕೂತವನಲ್ಲ.

ಡಬ್ ಎಂದಿತು. ಮಣಿ ಕೈಜಾರಿತು. ಗೆಡ್ಡೆ ಚೂರುಚೂರಾಗಿ ಗಾಜಿಗೆ ಮೆತ್ತಿಕೊಂಡಿತು, ಒಳಗಿನ ತಟ್ಟೆ ಮಾತ್ರ ತಿರುಗುತ್ತಲೇ ಇತ್ತು. ನಿಲ್ಲಿಸುವುದು ಹೇಗೆಂದು ಕೇಳಿಕೊಂಡಿರಲಿಲ್ಲ. ಚೂರುಗಳು ಕಪ್ಪಗಾಗಿ ಹೊಗೆ ಬರತೊಡಗಿತು.

"ಚೆಲುವಣ್ಣಾ! ಸಿಲಿಂಡ್ರು ಸಿಡೀತಾ?" ಪಾಪಮ್ಮ ಓಡಿಬಂದವಳೇ ಗೋಡೆಯ ಸ್ವಿಚ್ಚು ಆರಿಸಿದಳು. ಆಮೇಲೆ ಮೂಗರಳಿಸಿದಳು. "ಏನ್ ಸುಟ್ಟೆ?"

"ಸುಟ್ಟಿಲ್ಲ ಕಣಮ್ಮ. ಬೇಯಿಸ್ದೆ."

"ಒಗೆ ಬತ್ತಾ ಅದೆ?"

"ಅದು ಕರೆಂಟಿಂದು. ಒಳಗೆ ಬೆಂಕಿ ಇಲ್ಲ."

"ಅಂಗಾರೆ ನಾನೂವೆ ಒಗ್ಗರಣೆ ಆಕ್ಲಿಲ್ಲ ಬುಡು. ಸಾಸಿವೇನೇ ಸಿಡೀತು."

ಅವಳು ಹೊಸಿಲಲ್ಲಿ ನಿಂತು ಒಂದು ಕೂಗು ಹಾಕಿದ್ದರೆ ಸಾಕಿತ್ತು, ಮತ್ತೆ ಆ ಬೀದಿಯಲ್ಲಿ ನಾನು ತಲೆಯೆತ್ತುವಂತಿರಲಿಲ್ಲ. ಅವಳು ನನ್ನನ್ನೇ ನೋಡಿದಳು. ನನ್ನ ಹಣೆಯ ವಿಭೂತಿಯ ಮೇಲೆ ಬೆವರು ಇಳಿಯುತ್ತಿತ್ತು.

"ಕಿಟ್ಕಿ ಮುಚ್ಕೊ ಮೊದ್ಲು," ಎಂದಳು. "ಬೀದಿಗೆಲ್ಲಾ ವಾಸ್ನೆ ಓಯ್ತದೆ. ಯಾರಾರ ಬಂದ್ರೆ ಹಾಲು ಉಕ್ಕಿ ಸೀದೋಯ್ತು ಅನ್ನು."

ಅಷ್ಟು ಹೇಳಿ ಹೋದಳು. ಬೈದಿದ್ದರೆ ಎದುರುತ್ತರ ಕೊಟ್ಟು ಹಗುರಾಗುತ್ತಿದ್ದೆ.

ಗಾಜು ಒರೆಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಟ್ಟ ಹತ್ತಿ ಸೌಟು ಇಳಿಸಿದೆ. ಅದರ ತಳದಲ್ಲಿ ಮೂರು ಸಾಸಿವೆ ಇನ್ನೂ ಅಂಟಿಕೊಂಡಿದ್ದವು. ಹಿತ್ತಿಲಿನಿಂದ ಸುತ್ತಿಕೊಂಡು ಹೋದರೆ ಯಾರೂ ನೋಡುತ್ತಿರಲಿಲ್ಲ. ಆದರೆ ಕಿತ್ತು ತಂದದ್ದು ಮುಂಬಾಗಿಲಿನಿಂದ. ಜಗುಲಿಗಳ ಮೇಲೆ ಕೂತಿದ್ದವರು ಮಾತು ನಿಲ್ಲಿಸಿ ನೋಡಿದರು. ಸೌಟನ್ನು ಎದೆಮಟ್ಟಕ್ಕೆ ಹಿಡಿದು ಬೀದಿ ದಾಟಿ, ಪಾಪಮ್ಮನ ಕೈಗಿಟ್ಟೆ.