ದೇವರ ಬೆನ್ನ ಹಿಂದಿನ ಹಡಗು

ಗೋಪೀನಾಥ ಮೇಷ್ಟರ ಆಲ್ಬಮ್ಮಿನಲ್ಲಿ ಯುದ್ಧಕಾಲದ ಹಡಗುಗಳ, ಅವುಗಳ ಅಧಿಕಾರಿಗಳ ಹದಿನೇಳು ಫೋಟೋಗಳಿದ್ದವು. ಹನ್ನೆರಡು ಬೆಂಗಳೂರಿನ ಗುಜರಿ ಅಂಗಡಿಗಳಲ್ಲಿ ಹುಡುಕಿ ತಂದವು. ಉಳಿದ ಐದು ಸಿಕ್ಕಿದ್ದು ದೇವರ ಬೆನ್ನ ಹಿಂದೆ. ಜೀವಮಾನದಲ್ಲಿ ಒಂದೇ ಸಲ, ಮದರಾಸಿಗೆ ಟ್ರೈನಿಂಗಿಗೆ ಹೋದಾಗ ಸಮುದ್ರ ಕಂಡ ಮನುಷ್ಯನಿಗೆ ಈ ಹುಚ್ಚು ಹೇಗೆ ಹತ್ತಿತೋ ಹೆಂಡತಿ ವೆಂಕಟಲಕ್ಷ್ಮಿಗೆ ತಿಳಿಯದು. ಮಾವನವರ ಫೋಟೋಕ್ಕೆ ಇನ್ನೂ ಕಟ್ಟು ಹಾಕಿಸಿಲ್ಲ, ಮೀಸೆ ಹೊತ್ತ ದೊರೆಗಳಿಗೆ ಮಾತ್ರ ಆಲ್ಬಮ್ಮು ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

ದೇವರ ಬೆನ್ನಿನ ಸಂಗತಿ ಹೀಗೆ. ಹಿಂದೆ ಮತ್ತಿಗಿರಿಯ ಬಂಗಲೆಯಲ್ಲಿ ಒಬ್ಬ ದೊರೆಯಿದ್ದ. ಅವನ ಮಗ ಯುದ್ಧದ ಹಡಗಿನಲ್ಲಿ ಅಧಿಕಾರಿ. ಸ್ವಾತಂತ್ರ್ಯ ಬಂದ ಮೇಲೆ ದೊರೆ ಊರು ಬಿಟ್ಟ. ಬಂಗಲೆಯ ಫೋಟೋಗಳೆಲ್ಲ ಪಟಕ್ಕೆ ಕಟ್ಟು ಹಾಕುವ ಗೋಪಾಲಪ್ಪನ ತಂದೆಯ ಅಂಗಡಿ ಸೇರಿದವು. ಆತ ನೋಡಿದ್ದು ಅವುಗಳ ದಪ್ಪ ರಟ್ಟನ್ನು ಮಾತ್ರ. ಅಳತೆಗೆ ಕತ್ತರಿಸಿ, ಕೃಷ್ಣನ ಹಿಂದೊಂದು, ಸುಬ್ರಹ್ಮಣ್ಯನ ಹಿಂದೊಂದು ಇಟ್ಟು ಮೊಳೆ ಹೊಡೆದುಬಿಟ್ಟ. ಮೂವತ್ತು ವರ್ಷ ಕಳೆದು ಮೇಷ್ಟರ ಮನೆಯ ರಾಮರ ಪಟದ ಗಾಜು ಒಡೆಯಿತು. ಗೋಪಾಲಪ್ಪ ಹಿಂಬದಿ ಬಿಚ್ಚಿದರೆ, ದುರ್ಬೀನು ಹಿಡಿದ ಬಿಳಿಯ ಅಧಿಕಾರಿಯೊಬ್ಬ ಹೊರಗೆ ಬಂದ. ಆಮೇಲೆ ಯಾರದೇ ಪಟದ ಗಾಜು ಒಡೆದರೂ ಗೋಪಾಲಪ್ಪ ಮೇಷ್ಟರಿಗೆ ಹೇಳಿ ಕಳಿಸುತ್ತಿದ್ದ.

ಈ ಸುದ್ದಿ ಕೇಳಿ ಒಂದು ಸಂಜೆ ಮತ್ತಿಗಿರಿಯ ಚೆನ್ನಮ್ಮ ಮೇಷ್ಟರ ಮನೆಗೆ ಬಂದಳು. ಅವಳ ಅಣ್ಣ ಲಕ್ಷ್ಮಣಪ್ಪ ಅದೇ ಬಂಗಲೆಯ ಅಡುಗೆಯವನು. ಚಿಕ್ಕದೊರೆ ಅವನನ್ನು ಜೊತೆಗೆ ಹಡಗಿಗೆ ಕರೆದೊಯ್ದ. ಹಡಗಿನವರನ್ನೆಲ್ಲ ನಿಲ್ಲಿಸಿ ಫೋಟೋ ತೆಗೆದರು, ಒಂದು ಬಂಗಲೆಗೂ ಬರುತ್ತದೆ ಎಂದು ಅವನು ಕಾಗದ ಬರೆಸಿದ್ದ. ಆ ಕಾಗದದ ಹಿಂದೆಯೇ ಹಡಗು ಮುಳುಗಿದ ತಂತಿ ಬಂತು. ಆಗ ಚೆನ್ನಮ್ಮನಿಗೆ ಹನ್ನೊಂದು ವರ್ಷ. ಬಂಗಲೆಗೆ ಹೋಗಿ ಆ ಫೋಟೋ ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಅವ್ನ ದನಿ ಇನ್ನೂ ಕಿವೀಲದೆ ಮೇಷ್ಟ್ರೆ," ಎಂದಳು. "ಮಕ ಮಾತ್ರ ಅಳ್ಸೋಗ್ತಾ ಅದೆ. ಒಂದ್ಸಲ ನೋಡ್ಬುಟ್ರೆ ಸಾಕು."

ಹಡಗು, ಅಧಿಕಾರಿಗಳು, ಎಲ್ಲರೂ ಒಟ್ಟಿಗಿರುವ ಆ ಫೋಟೋಕ್ಕಾಗಿ ಮೇಷ್ಟರ ಜೀವವೂ ಬಾಯಿ ಬಿಡುತ್ತಿತ್ತು. ಆದರೆ ಪೂಜೆಯ ಪಟ ಬಿಚ್ಚಲು ಕೊಡುವವರು ಯಾರು? ಹೊಸ ರಟ್ಟು ಹಾಕಿಕೊಡುತ್ತೇನೆಂದು ಗೋಪಾಲಪ್ಪನನ್ನು ಕರೆದುಕೊಂಡು ಹೋದ ಮೊದಲ ಮನೆಯಲ್ಲೇ ಪಿಳ್ಳಮ್ಮ ಬಾಗಿಲಿಗೆ ಅಡ್ಡ ನಿಂತಳು. "ದೀಪ ಹಚ್ಚೋ ದೇವ್ರ ಬೆನ್ನು ಬಿಚ್ಚೋಕೆ ಬಂದವ್ರೆ. ಮಕ್ಕಳಿಗೆ ಇದ್ನೇ ಏನ್ ಕಲಿಸ್ತೀರಾ ಮೇಷ್ಟ್ರೆ?"

ದಾರಿ ತೋರಿಸಿದ್ದು ಚೆನ್ನಮ್ಮ. ಯುಗಾದಿ ಬರಲಿ, ಅಲ್ಲೀಗಂಟ ಸುಮ್ಮನಿರಿ ಎಂದಳು. ಹಬ್ಬಕ್ಕೆ ಸುಣ್ಣ ಹೊಡೆಯುವಾಗ ಎಲ್ಲ ಮನೆಯವರೂ ಪಟಗಳನ್ನಿಳಿಸಿ, ಹಳೆ ಕುಂಕುಮ ಒರೆಸಿ, ಜಗಲಿಯ ಮೇಲೆ ಸಾಲಾಗಿ ಒರಗಿಸುತ್ತಾರೆ. ಹಬ್ಬಕ್ಕೆ ಮುಂಚಿನ ಭಾನುವಾರ ಮಗನಿಗೆ ಫ್ಯಾಕ್ಟರಿಯ ಡಬ್ಬಿ ಕಟ್ಟಿಕೊಟ್ಟವಳೇ, ಮೇಷ್ಟರು ಗೋಪಾಲಪ್ಪ ಇಬ್ಬರಿಗೂ ಮುಂದಾಗಿ ಪಿಳ್ಳಮ್ಮನ ಮನೆಗೆ ನಡೆದಳು.

"ಕುಂಕುಮ ಒರಸಿದ್ಮೇಲೆ, ತಿರ್ಗಾ ಇಡೋಗಂಟ ಅದು ಬರೀ ಪಟ ಕಣೆ ಪಿಳ್ಳಿ," ಎಂದಳು. ಪಿಳ್ಳಮ್ಮ ಪಟಗಳ ಮುಂದಿನಿಂದ ಪಕ್ಕಕ್ಕೆ ಸರಿದಳು. ಒಡೆದರೆ ನೋಡು ಎಂದು ಗೋಪಾಲಪ್ಪನಿಗೆ ಗದರಿಸಿ ಬಿಟ್ಟುಕೊಟ್ಟಳು.

ಲಕ್ಷ್ಮಿಯ ಪಟದ ಹಿಂದೆ ಹಡಗಿತ್ತು. ಕುರ್ಚಿಗಳ ಮೇಲೆ ಒಂಬತ್ತು ಅಧಿಕಾರಿಗಳು, ಹಿಂದೆ ಫಿರಂಗಿಯ ಉದ್ದನೆಯ ನಳಿಗೆ. ಮೇಷ್ಟರು ಅದನ್ನು ಬೆಳಕಿಗೆ ಹಿಡಿದರು. ಆದರೆ ಬಲಗಡೆ ಫೋಟೋ ಕತ್ತರಿಸಿಹೋಗಿತ್ತು. ಆ ಅಂಚಿನಲ್ಲಿ ತಟ್ಟೆ ಹಿಡಿದ ಒಂದು ತೋಳು ಮಾತ್ರ ಉಳಿದಿತ್ತು. ಮೊಣಕೈ ಮೇಲೆ ತಾಯತ.

ಚೆನ್ನಮ್ಮ ಬೆರಳನ್ನು ಅಲ್ಲೇ ಇಟ್ಟಳು. "ನಮ್ಮವ್ವ ಕಟ್ಟಿದ್ದು," ಎಂದಳು, ಅಷ್ಟೇ.

ಗೋಪಾಲಪ್ಪ ತಲೆ ಕೆರೆದುಕೊಂಡ. ಅಪ್ಪ ದೊಡ್ಡ ರಟ್ಟನ್ನು ಎರಡು ಮಾಡಿ ಜೋಡಿ ಪಟಕ್ಕೆ ಹಾಕುತ್ತಿದ್ದ, ಲಕ್ಷ್ಮಿಯ ಜೋಡಿ ಸರಸ್ವತಿ ಎಲ್ಲಿದೆ ಎಂದು ಕೇಳಿದ. ಪಿಳ್ಳಮ್ಮನ ದನಿ ಈಗ ಮೆತ್ತಗಾಗಿತ್ತು. ಎರಡೂ ಅವಳ ತಾಯಿ ತಂದವು. ಸರಸ್ವತಿ ಜೂಜುವಾಡಿಯಲ್ಲಿರುವ ತಂಗಿ ಚಿಕ್ಕತಾಯಮ್ಮನ ಪಾಲಿಗೆ ಹೋಗಿತ್ತು. ಸುಣ್ಣದ ಕೈ ತೊಳೆದುಕೊಂಡು, ಹಡಗಿನ ತುಂಡು ಹಿಡಿದ ಮೇಷ್ಟರ ಹಿಂದೆ ಪಿಳ್ಳಮ್ಮನೂ ಬಸ್ಸು ಹತ್ತಿದಳು.

ಚಿಕ್ಕತಾಯಮ್ಮನ ಮನೆಯ ಜಗಲಿಯ ಮೇಲೆ, ಲಾರಿಗಳ ಸದ್ದಿನ ನಡುವೆ, ಗೋಪಾಲಪ್ಪ ಒಂದೊಂದೇ ಮೊಳೆ ಕಿತ್ತ. ಈ ತುಂಡಿನಲ್ಲಿ ಅಧಿಕಾರಿಗಳೇ ಇರಲಿಲ್ಲ. ನಾವಿಕರು, ಬೆಂಕಿಗೆ ಕಲ್ಲಿದ್ದಲು ಹಾಕುವವರು, ಎಡದಂಚಿನಲ್ಲಿ ಕಿವಿಗೆ ಒಂಟಿ ಹಾಕಿದ ಹುಡುಗುಮುಖದ ಅಡುಗೆಯವನು. ಬಲತೋಳಿರಲಿಲ್ಲ. ನಗು ಬಂದದ್ದನ್ನು ಕಷ್ಟಪಟ್ಟು ತಡೆದವನ ಹಾಗೆ ತುಟಿ ಬಿಗಿದಿದ್ದ.

ಚೆನ್ನಮ್ಮ ಬಹಳ ಹೊತ್ತು ನೋಡಿದಳು. ಕಣ್ಣೊರೆಸಿಕೊಂಡು, "ನನ್ ಮಗನಿಗಿಂತ ಚಿಕ್ಕೋನು," ಎಂದಳು. ಆಮೇಲೆ ಹಡಗಿನ ತುಂಡನ್ನು ತಾನಾಗಿಯೇ ಮೇಷ್ಟರ ಕಡೆ ಸರಿಸಿದಳು. "ದೊರೆಗಳು ನಿಮಗೇ ಇರ್ಲಿ. ನನಗಿವ್ನು ಸಾಕು."

ಮೇಷ್ಟರು ಅದನ್ನು ಕೈಗೆ ತೆಗೆದುಕೊಂಡರು. ರಾಮರ ಪಟ ಬಿಚ್ಚಿದಂದಿನಿಂದ ಆರು ವರ್ಷ ಹುಡುಕಿದ ಹಡಗು. ಆ ಒಂಬತ್ತು ಮುಖಗಳನ್ನು ಎಡದಿಂದ ಬಲಕ್ಕೆ ನೋಡುತ್ತ ಬಂದವರು ಕೊನೆಗೆ ತಾಯತದ ಬಳಿ ನಿಂತರು.

"ಕೈ ಇಲ್ದೆ ಹೆಂಗಮ್ಮ ಕಳಿಸ್ಲಿ ಅವನನ್ನ?" ಎಂದರು.

ಎರಡು ತುಂಡುಗಳನ್ನು ಜಗಲಿಯ ಮೇಲಿಟ್ಟು ಅಂಚಿಗೆ ಅಂಚು ಕೂಡಿಸಿದರು. ತೋಳು ಭುಜಕ್ಕೆ ಸೇರಿತು. ಗೋಪಾಲಪ್ಪ ಗೇಣಿನಲ್ಲಿ ಅಳತೆ ಹಿಡಿದು, ಇಷ್ಟುದ್ದದ ಗಾಜಿಗೆ ಹೊಸೂರಿಗೇ ಹೋಗಬೇಕು, ಹಬ್ಬದೊಳಗೆ ಕಟ್ಟಿ ಕೊಡುತ್ತೇನೆ ಎಂದ.

"ಹಿಂದ್ಗಡೆಗೆ ಒಳ್ಳೆ ರಟ್ಟು ಹಾಕಪ್ಪ," ಎಂದಳು ಚೆನ್ನಮ್ಮ. "ಯಾರ ಮಕಾನೂ ಇಲ್ದಿರೋದು."