ಮಾಲಿ ಹಾಕಿದಾವ ಹೇಳಿದ ರುಚಿ

ಶಿರಹಟ್ಟಿಯ ಸಂಸ್ಥಾನದ ಬಂಗ್ಲೆದಾಗ ಪುಂಡಲೀಕಪ್ಪ ಇಪ್ಪತ್ತು ವರ್ಷ ಅಡಗಿ ಮಾಡಿದ್ದ. ಸಂಸ್ಥಾನಕ್ಕ ಬಂದ ಗೋರಾ ಸಾಹೇಬ್ರು, ಮೇಮಸಾಹೇಬ್ರು, ಎಲ್ಲಾರಿಗೂ ಮೀನ ಹುರದು ಹಾಕಿದವ, ವೈನು ಸುರುವಿದವ. ತಾನು ಮಾತ್ರ ಒಂದು ಹನಿ ನಾಲಿಗಿಗೆ ಹಚ್ಚಿದವಲ್ಲ. ಕೊಳ್ಳಾಗ ಪಂಢರಪುರದ ತುಳಸಿ ಮಾಲಿ ಇತ್ತು. ಮಾಲಿ ಹಾಕಿದಾವ ಮಾಂಸ, ದಾರೂ ಮುಟ್ಟಂಗಿಲ್ಲ. ಮುಟ್ಟಿದ್ರ ವಿಠ್ಠಲ ಬಿಟ್ಟರೂ ಹೆಂಡ್ತಿ ಫಕ್ಕೀರವ್ವ ಬಿಡಾಕಿ ಅಲ್ಲ.

ಹತ್ತೊಂಬತ್ತನೂರಾ ನಲವತ್ತೆಂಟರಾಗ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂತು. ಬಂಗ್ಲೆಕ್ಕ ಮುಂಡರಗಿ ಕಡೆಯ ಗವಿಸಿದ್ದಪ್ಪನವರು ಹೊಸಾ ಅಧಿಕಾರಿಯಾಗಿ ಬಂದ್ರು. ಯಾರನ್ನ ಇಟಗೋಬೇಕು, ಯಾರನ್ನ ಮನಿಗೆ ಕಳಸಬೇಕು ಅನ್ನೂದು ಅವರ ಕೈಯಾಗ. ಕಪಾಟು ತಗಸಿದ್ರ ಫ್ರಾನ್ಸಿನ ಬಿಳೇ ವೈನಿನ ಒಂದು ಬಾಟ್ಲಿ ಸಿಕ್ತು. ಐತವಾರ ಗದಗದಿಂದ ಅವರ ಮ್ಯಾಲಿನ ದೊಡ್ಡಸಾಹೇಬ್ರು ಊಟಕ್ಕ ಬರಾವ್ರಿದ್ರು.

"ಇದರ ರುಚಿ ಹೆಂಗಿರತೈತೋ? ಇದರ ಜೋಡಿ ಏನ ಮಾಡ್ತಿ?" ಅಂತ ಗವಿಸಿದ್ದಪ್ಪನವರು ಪುಂಡಲೀಕಪ್ಪಗ ಕೇಳಿದ್ರು.

"ಇದು ಸಿಹಿ ಅಲ್ರಿ ಸಾಹೇಬ್ರ. ಮೊದಲ ಮಾವಿನಕಾಯಿ, ಆಮ್ಯಾಲ ನಿಂಬಿಹಣ್ಣಿನ ಸಿಪ್ಪಿ, ನುಂಗಿದ ಮ್ಯಾಲ ಮಳ್ಯಾಗ ತೊಯ್ದ ಕಲ್ಲಿನ ವಾಸನಿ. ಮೀನಕ್ಕ ಚೊಲೊ, ಬೆಣ್ಣಿಗೆ ಚೊಲೊ, ಆಡಿನ ಹಾಲಿನ ಪದಾರ್ಥಕ್ಕಂತೂ ಬೀಗರಿದ್ದಂಗ. ಖಾರ ಒಂದು ಇದಕ್ಕ ವೈರಿ ನೋಡ್ರಿ."

ಗವಿಸಿದ್ದಪ್ಪನವರು ತಲಿದೂಗಿದ್ರು. ತೂಗೂಮುಂದ ಅವರ ಕಣ್ಣು ಮಾಲಿ ಮ್ಯಾಲ ಬಿತ್ತು.

"ಲೇ, ಮಾಲಿ ಹಾಕಿದಾವಗ ದಾರೂ ರುಚಿ ಹೆಂಗ ಗೊತ್ತು? ಒಂದೋ ಮಾಲಿ ಸುಳ್ಳು, ಇಲ್ಲಾ ಮಾತು ಸುಳ್ಳು. ಸುಳ್ಳುಗಾರಗ ಸರಕಾರದಾಗ ಜಾಗಾ ಇಲ್ಲ."

"ಕುಡದವರ ಮಾತು ಕೇಳೇನ್ರಿ, ಮಾರಿ ನೋಡೇನ್ರಿ. ಹೊಳ್ಳಿ ಬಂದ ತಾಟಿನ್ಯಾಗ ಏನ ಉಳದೈತಿ ಅಂತ ನೋಡೇನ್ರಿ."

"ಆತು. ದೊಡ್ಡಸಾಹೇಬ್ರು ಒಪ್ಪಿದ್ರ ನೌಕರಿ. ಇಲ್ಲಾಂದ್ರ ಗಂಟು ಕಟ್ಟು."

ಶನಿವಾರ ಖಬರ ಬಂತು: ದೊಡ್ಡಸಾಹೇಬ್ರು ಮೀನ ತಿನ್ನಂಗಿಲ್ಲ. ಪುಂಡಲೀಕಪ್ಪ ಆಡಿನ ಹಾಲಿನ ಮಸರು ಅರಿಬ್ಯಾಗ ಕಟ್ಟಿ ತೂಗುಹಾಕಿದ. ಗಟ್ಟಿಯಾದ ಮಸರಿಗೆ ಬರೇ ಉಪ್ಪು, ಬಾಜೂಕ ಸೌತಿಕಾಯಿ, ತೆಳ್ಳನ ಬಿಸಿ ರೊಟ್ಟಿ. ಫಕ್ಕೀರವ್ವಗ ಸಿಟ್ಟು ಬಂತು.

"ಖಾರ ಇಲ್ಲದ ಊಟ ಬಾಣಂತಿಗೆ ಹಾಕ್ತಾರ, ಸಾಹೇಬಗ ಹಾಕ್ತಾರೇನು? ಮೂಸಿ ಮೂಸೇ ಪಂಡಿತರಾಗೀರಿ ನೀವು."

ಅವನ ಎದಿಗೆ ಅದು ನಾಟಿತು. ನೌಕರಿ ಹೋದ್ರ ಐವತ್ತೈದರ ಮುದುಕನ್ನ ಯಾರು ಇಟಗೋತಾರ? ಅದಕ್ಕಿಂತ ದೊಡ್ಡ ಅಂಜಿಕಿ ಇನ್ನೊಂದಿತ್ತು. ಇಷ್ಟು ವರ್ಷ ತಿಳಿದೇನಿ ಅಂದದ್ದೆಲ್ಲಾ ಸುಳ್ಳಾಗಿದ್ರ?

ಐತವಾರ ಗವಿಸಿದ್ದಪ್ಪನವರು ಜೋಡಿ ಕೂತು ಬರೇ ಗ್ಲಾಸ ಖಾಲಿ ಮಾಡಾಕ ಹತ್ತಿದ್ರು. ದೊಡ್ಡಸಾಹೇಬ್ರು ಒಂದು ಗುಟುಕು ಕುಡದ್ರು, ರೊಟ್ಟಿಗೆ ಮಸರು ಹಚ್ಚಿ ತಿಂದ್ರು, ಮತ್ತ ಕುಡದ್ರು. ಮೂರನೇ ರೊಟ್ಟಿಗೆ ಬಾಯಿ ಬಿಟ್ರು.

"ಭಾಳ ಹೊಂದೇತ್ರಿ ಇದು. ಆದ್ರ ಎಂಥಾ ರುಚಿ ಅಂತ ಹೇಳಾಕ ಬರವಲ್ದು."

ಪುಂಡಲೀಕಪ್ಪ ಕೈಕಟ್ಟಿ ನಿಂತು ಹೇಳಿದ. ಮಾವಿನಕಾಯಿ, ನಿಂಬಿಸಿಪ್ಪಿ, ತೊಯ್ದ ಕಲ್ಲು. ದೊಡ್ಡಸಾಹೇಬ್ರು ಕಣ್ಣು ಮುಚ್ಚಿ ಇನ್ನೊಂದು ಗುಟುಕು ಎಳದ್ರು.

"ಹೌದೋ ಮಾರಾಯ. ಖರೇನ ಮಾವಿನಕಾಯಿ."

ಪುಂಡಲೀಕಪ್ಪನ ಕಣ್ಣಾಗ ನೀರು ಬಂತು. ಅಲ್ಲಿಗೆ ಸುಮ್ಮನಿದ್ರ ಗವಿಸಿದ್ದಪ್ಪನವರ ಗಂಟೇನು ಹೋಗತಿತ್ತು? ತಮ್ಮ ಬಂಗ್ಲೆದ ಆಳಿನ ಹೊಗಳಿಕಿ ಕೇಳಿ ಎದಿ ಉಬ್ಬಿತು.

"ಮತ್ತೇನ್ರಿ ಸಾಹೇಬ್ರ, ಇಪ್ಪತ್ತು ವರ್ಷ ಕುಡದು ಪಳಗಿದ ನಾಲಿಗಿ. ಮುಂಜಾನಿ ಎದ್ದ ಕೂಡ್ಲೆ ಇವಗ ಗ್ಲಾಸ ಬೇಕು."

ದೊಡ್ಡಸಾಹೇಬ್ರ ಹುಬ್ಬು ಗಂಟಾತು. "ದಾರೂಬಂದಿ ಬರಾಕ ಹತ್ತೈತಿ. ಅಂಥಾ ಕುಡಕನ್ನ ಸರಕಾರಿ ಬಂಗ್ಲೆದಾಗ ಇಡಾಕ ಬರಂಗಿಲ್ಲ. ಇವತ್ತೇ ಬಿಡಸ್ರಿ," ಅಂದ್ರು. ತಮ್ಮ ಕೈಯಾಗಿನ ಗ್ಲಾಸ ಮಾತ್ರ ಬಿಟ್ಟಿದ್ದಿಲ್ಲ.

ಪುಂಡಲೀಕಪ್ಪ ಮಾಲಿ ಹಿಡದ. "ಒಂದು ಹನಿ ಮುಟ್ಟಿಲ್ರಿ. ಸಾಹೇಬ್ರನ್ನ ಕೇಳ್ರಿ, ಅವರಿಗೆ ಗೊತ್ತೈತಿ."

ಇಬ್ಬರೂ ಗವಿಸಿದ್ದಪ್ಪನವರ ಕಡೆ ತಿರುಗಿದ್ರು. ಅವರು ಎರಡು ಸಲ ಕೆಮ್ಮಿದ್ರು.

"ನಾನ ಸುಳ್ಳು ಹೇಳಿದ್ನಿರಿ."

"ಹಂಗಾದ್ರ ಸುಳ್ಳು ಹೇಳಾವ್ರನ್ನ ಏನ ಮಾಡೂಣು?" ಅಂದ್ರು ದೊಡ್ಡಸಾಹೇಬ್ರು.

ಗವಿಸಿದ್ದಪ್ಪನವರು ಗ್ಲಾಸ ದೂರ ಸರಿಸಿದ್ರು. ಪುಂಡಲೀಕಪ್ಪಗ ಅಯ್ಯೋ ಅನಿಸಿತು.

"ತಪ್ಪು ಅವರದಲ್ರಿ. ಅವರ ತಾಟು ನೋಡ್ರಿ, ಮಸರು ಮುಟ್ಟೇ ಇಲ್ಲ. ಈ ವೈನು ಬರೇ ಹೊಟ್ಟಿಲೆ ಕುಡದ್ರ ಹಿಂಗ ಮಾತಾಡಸ್ತೈತ್ರಿ."

ದೊಡ್ಡಸಾಹೇಬ್ರು ನಕ್ಕು, "ಇವನ್ನ ಇಟಗೋರಿ," ಅಂದ್ರು. ಗವಿಸಿದ್ದಪ್ಪನವರು ತಲಿ ಬಗ್ಗಿಸಿ ತಾಟು ಎಳಕೊಂಡು, ಖಾರ ಕೇಳದಂಗ ಪೂರ್ತಿ ತಿಂದ್ರು.